ಗ್ವಾಲ್ ಪಹಾಡಿಯ ಸೌರೋಷ್ಣ ಸ್ಥಾವರ: ಸಹಕಾರ ಸಂಶೋಧನೆಯ ಒಂದು ನಿದರ್ಶನ

ದಿಲ್ಲಿಯ ದಕ್ಷಿಣದಲ್ಲಿ, ಗುರುಗ್ರಾಮದಿಂದ ಫರೀದಾಬಾದಿಗೆ ಹೋಗುವ ಮಾರ್ಗದಲ್ಲಿ, ಗ್ವಾಲ್ ಪಹಾಡಿ ಎಂಬ ಗ್ರಾಮವಿದೆ. ಭಾರತ ಸರ್ಕಾರವು 1982ರಲ್ಲಿ ಅಲ್ಲಿ ಸೌರಶಕ್ತಿ ಕೇಂದ್ರವನ್ನು ಸ್ಥಾಪಿಸಿತು. 2013ರಲ್ಲಿ ಅದು ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯೆಂಬ ಸ್ವಾಯತ್ತ ಸಂಸ್ಥೆಯಾಗಿ ಪರಿಣಮಿಸಿತು. ಭಾರತ ಮತ್ತು ಫ್ರಾನ್ಸ್ 2015ರಲ್ಲಿ ಪ್ಯಾರಿಸಿನಲ್ಲಿ ಘೋಷಿಸಿದ ಅಂತರರಾಷ್ಟ್ರೀಯ ಸೌರ ಒಕ್ಕೂಟಕ್ಕೂ ಇದೇ ಆವರಣದಲ್ಲಿ ನೆಲೆ ದೊರೆಯಿತು. ಒಕ್ಕೂಟದ ಹೆಸರನ್ನು ಅನೇಕರು ಬಲ್ಲರು. ಅದಕ್ಕಿಂತ ಮೊದಲೇ ಅಲ್ಲಿ ಕೈಗೊಳ್ಳಲಾದ 1 ಮೆಗಾವಾಟ್ ಸಾಮರ್ಥ್ಯದ ಸೌರೋಷ್ಣ ವಿದ್ಯುತ್ ಸ್ಥಾವರದ ವಿಷಯ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

2009ರಲ್ಲಿ ಕೇಂದ್ರ ಸರ್ಕಾರದ ಧನಸಹಾಯದಿಂದ ಆರಂಭವಾದ ಈ ಕಾರ್ಯದ ನೇತೃತ್ವವನ್ನು ಮುಂಬಯಿಯ ಐ.ಐ.ಟಿ. ವಹಿಸಿತು. ಟಾಟಾ ಪವರ್, ಲಾರ್ಸನ್ ಅಂಡ್ ಟೂಬ್ರೊ ಮೊದಲಾದ ಉದ್ಯಮಗಳು ಪಾಲುದಾರರಾದವು. ಉದ್ದೇಶಗಳು ಮೂರು: ವಿದ್ಯುತ್ ಉತ್ಪಾದಿಸುವುದು, ಹೊಸ ಉಪಕರಣಗಳನ್ನು ಪರೀಕ್ಷಿಸಲು ಸೌಕರ್ಯವನ್ನೊದಗಿಸುವುದು, ಇಂಥ ಸ್ಥಾವರಗಳ ವರ್ತನೆಯನ್ನು ಮುಂಗಂಡು ಲೆಕ್ಕಹಾಕಬಲ್ಲ ಗಣಕ ಕ್ರಮವೊಂದನ್ನು ಸಿದ್ಧಪಡಿಸುವುದು.

ಸ್ಥಾವರದ ರಚನೆಯಲ್ಲಿಯೇ ಸಹಕಾರದ ತತ್ತ್ವವು ಅಡಗಿದೆ. ಅಲ್ಲಿ ಎರಡು ಬಗೆಯ ದರ್ಪಣ ಕ್ಷೇತ್ರಗಳಿವೆ. ಒಂದರಲ್ಲಿ ದೋಣಿಯಂತೆ ಬಾಗಿದ ಉದ್ದನೆಯ ಕನ್ನಡಿಗಳು ಸೂರ್ಯನನ್ನು ಅನುಸರಿಸುತ್ತ, ನಡುವಣ ಕೊಳವೆಯಲ್ಲಿ ಹರಿಯುವ ವಿಶೇಷ ತೈಲವನ್ನು 390 ಡಿಗ್ರಿ ಸೆಂಟಿಗ್ರೇಡಿಗೂ ಮಿಗಿಲಾಗಿ ಕಾಯಿಸುತ್ತವೆ. ಈ ಉಪಕರಣ ಬಂದದ್ದು ಸ್ಪೇನಿನ ಅಬೆಂಗೋವಾ ಸಂಸ್ಥೆಯಿಂದ. ಇನ್ನೊಂದರಲ್ಲಿ ನೆಲಮಟ್ಟದ ಕಿರಿದಾದ ಕನ್ನಡಿಗಳ ಸಾಲುಗಳು ಮೇಲಿನ ಸ್ಥಿರ ಕೊಳವೆಗೆ ಬೆಳಕನ್ನು ಹಾಯಿಸಿ, ನೀರನ್ನು ನೇರವಾಗಿ ಹಬೆಯಾಗಿಸುತ್ತವೆ. ಫ್ರೆನೆಲ್ ಕ್ಷೇತ್ರವೆಂಬ ಇದನ್ನು ಒದಗಿಸಿದ್ದು ಕೊಯಮತ್ತೂರಿನ ಸಂಸ್ಥೆ. ಬಿಸಿ ತೈಲವೂ ತನ್ನ ಶಾಖದಿಂದ ಹಬೆಯನ್ನುಂಟುಮಾಡುತ್ತದೆ. ಎರಡೂ ಹಬೆಗಳು ಕೂಡಿ, ತೈಲದ ಶಾಖದಿಂದಲೇ 350 ಡಿಗ್ರಿಗೆ ಏರಿ, ಟರ್ಬೈನನ್ನು ತಿರುಗಿಸುತ್ತವೆ. ಮೊದಲನೆಯದು ಹೆಚ್ಚು ಉಷ್ಣತೆ ಕೊಡುತ್ತದೆ, ಆದರೆ ಅದಕ್ಕೆ ವೆಚ್ಚ ಹೆಚ್ಚು. ಎರಡನೆಯದು ಸರಳ, ಆದರೆ ಉಷ್ಣತೆ ಕಡಿಮೆ. ಒಂದರ ಕೊರತೆಯನ್ನು ಮತ್ತೊಂದು ತುಂಬಬೇಕೆಂಬುದೇ ಇಲ್ಲಿನ ಯೋಜನೆ.

ಆದರೆ ಯಂತ್ರವನ್ನು ತರಿಸಬಹುದು, ಆಕಾಶವನ್ನು ತರಿಸಲಾಗದು. ಸಾಮಾನ್ಯ ಸೌರಫಲಕಗಳು ಚದುರಿದ ಬೆಳಕನ್ನೂ ವಿದ್ಯುತ್ತಾಗಿಸುತ್ತವೆ. ಕಿರಣಗಳನ್ನು ಕೇಂದ್ರೀಕರಿಸುವ ದರ್ಪಣಗಳಿಗೆ ಸೂರ್ಯನಿಂದ ನೇರವಾಗಿ ಬೀಳುವ ಕಿರಣಗಳೇ ಬೇಕು. ದಿಲ್ಲಿಯ ಧೂಳು, ಹೊಗೆ, ಚಳಿಗಾಲದ ಮಂಜು ಇವೆಲ್ಲವೂ ಆ ಕಿರಣಗಳನ್ನು ಚದುರಿಸುತ್ತವೆ. ಇಂಥ ತೈಲವು 12 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಜನವರಿಯ ರಾತ್ರಿಗಳಲ್ಲಿ ಗಾಳಿಯ ಉಷ್ಣತೆ ಅದಕ್ಕಿಂತ ಕೆಳಗಿಳಿಯುವುದು ಇಲ್ಲಿ ಸಾಮಾನ್ಯ. ಆದುದರಿಂದ ಸೂರ್ಯನಿಲ್ಲದ ವೇಳೆಯಲ್ಲಿಯೂ ಅದರ ರಕ್ಷಣೆಗೆ ವ್ಯವಸ್ಥೆ ಬೇಕಾಗುತ್ತದೆ.

ಈ ವಿವರಗಳು ಕೇವಲ ತಾಂತ್ರಿಕವಾದುವಲ್ಲ. ರಾಷ್ಟ್ರೀಯ ಸೌರ ಅಭಿಯಾನದ ಮೊದಲ ಹಂತದಲ್ಲಿ, 2010ರಲ್ಲಿ, 470 ಮೆಗಾವಾಟ್ ಮೊತ್ತದ ಏಳು ಸೌರೋಷ್ಣ ಯೋಜನೆಗಳನ್ನು ಹಂಚಲಾಯಿತು. ಅವುಗಳಲ್ಲಿ ರಾಜಸ್ಥಾನದ ಎರಡು, ಆಂಧ್ರದ ಒಂದು ಮಾತ್ರ ಕೈಗೂಡಿದವು. ಉಪಗ್ರಹದ ಅಂದಾಜನ್ನು ನೆಚ್ಚಿ ಎಣಿಸಿದ ನೇರ ಬಿಸಿಲಿಗೂ ನೆಲದ ಮೇಲೆ ಅಳೆದ ಬಿಸಿಲಿಗೂ ಅಂತರವಿತ್ತು. ಇತ್ತ ಫಲಕಗಳ ಬೆಲೆ ಕುಸಿಯುತ್ತಿತ್ತು. ಅಂದಾಜಿನಲ್ಲಿ ಬಿಸಿಲು ಕಡಿಮೆಯಾದರೆ ವಿದ್ಯುತ್ತು ಕಡಿಮೆ. ವಿದ್ಯುತ್ತು ಕಡಿಮೆಯಾದರೆ ಸಾಲದ ಕಂತು ತೀರುವ ಬಗೆಯಿಲ್ಲ. ಜರ್ಮನಿಯ ಸಹಕಾರದೊಂದಿಗೆ ಚೆನ್ನೈಯ ಸಂಸ್ಥೆಯೊಂದು ದೇಶದ 51 ಸ್ಥಳಗಳಲ್ಲಿ ಬಿಸಿಲನ್ನು ಅಳೆಯುವ ಕೇಂದ್ರಗಳನ್ನು ಸ್ಥಾಪಿಸಿದುದರ ಔಚಿತ್ಯ ಇದರಿಂದ ವಿದಿತವಾಗುತ್ತದೆ.

ಸಹಕಾರ ಸಂಶೋಧನೆಯ ನಿಜವಾದ ಪ್ರಯೋಜನವೂ ಇಲ್ಲಿಯೇ ಇದೆ. ಮಾರುಕಟ್ಟೆಯಲ್ಲಿ ಉದ್ಯಮಗಳು ಪರಸ್ಪರ ಪ್ರತಿಸ್ಪರ್ಧಿಗಳು; ತಮ್ಮ ತಯಾರಿಕೆಯ ರಹಸ್ಯವನ್ನು ಅವು ಬಿಟ್ಟುಕೊಡವು. ಆದರೆ ಈ ನೆಲದಲ್ಲಿ ಬಿದ್ದ ಬಿಸಿಲೆಷ್ಟು, ಅದರಿಂದ ಹುಟ್ಟಿದ ಹಬೆಯೆಷ್ಟು ಎಂಬ ಅಳತೆ ಎಲ್ಲರಿಗೂ ಬೇಕಾದದ್ದು. ಅದರ ವೆಚ್ಚವನ್ನು ಒಬ್ಬನೇ ಹೊರಲು ಯಾವ ವ್ಯಾಪಾರಿಯೂ ಮುಂದಾಗನು. ಆದ್ದರಿಂದಲೇ ಸರ್ಕಾರದ ಹಣ, ವಿದ್ಯಾಸಂಸ್ಥೆಯ ನಾಯಕತ್ವ, ಉದ್ಯಮದ ಅನುಭವ ಈ ಮೂರೂ ಒಂದೆಡೆ ಕೂಡಬೇಕಾಯಿತು. 2012ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯದೊಡನೆ ಕೈಗೊಂಡ ಸೌರ ಸಂಶೋಧನೆಯೂ ಇದೇ ಜಾಡಿನದು.

ಒಂದು ಮೆಗಾವಾಟ್ ವಿದ್ಯುತ್ತು ದಿಲ್ಲಿಯಂಥ ಮಹಾನಗರಕ್ಕೆ ಸಮುದ್ರದಲ್ಲಿ ಬಿಂದುವಿನಷ್ಟು. ಹೀಗಿದ್ದರೂ, ಹೊರಗಿನಿಂದ ಬಂದ ವಿದ್ಯೆಯನ್ನು ಇಲ್ಲಿನ ಧೂಳಿನಲ್ಲಿ, ಇಲ್ಲಿನ ಮಂಜಿನಲ್ಲಿ ಅಳೆದು ನೋಡಿದ ನಂತರವೇ ಅದು ಸ್ವಂತ ವಿದ್ಯೆಯಾಗುತ್ತದೆ. ಗ್ವಾಲ್ ಪಹಾಡಿಯ ಸ್ಥಾವರದ ಬೆಲೆಯನ್ನು ಅದು ಉತ್ಪಾದಿಸಿದ ವಿದ್ಯುತ್ತಿನಿಂದಲ್ಲ, ಈ ಅಳತೆಯಿಂದ ನಿರ್ಣಯಿಸುವುದು ಯುಕ್ತ.