ಗಡಿಯಂಚಿನ ಹೋಟೆಲು: ದಹಿಸರಿನ ಊಟ, ಪಾನ ಮತ್ತು ರಾತ್ರಿಯ ಸ್ಥಿತ್ಯಂತರಗಳು

ಮುಂಬಯಿ ಕನ್ನಡಿಗರ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಹೋಟೆಲು ಉದ್ಯಮಕ್ಕೆ ಒಂದು ಅಧ್ಯಾಯವನ್ನು ಮೀಸಲಿಡುವುದು ರೂಢಿ. ಆ ಅಧ್ಯಾಯವು ಸಾಮಾನ್ಯವಾಗಿ ಮಾಟುಂಗದಲ್ಲಿ ಆರಂಭವಾಗಿ, ಇಡ್ಲಿ ದೋಸೆಗಳ ಯಶಸ್ಸಿನಲ್ಲಿ ಮುಗಿಯುತ್ತದೆ. ಅದೇ ಜನರು, ಅದೇ ಬಂಡವಾಳದಿಂದ, ಎಷ್ಟೋ ಸಲ ಅದೇ ಕಟ್ಟಡದಲ್ಲಿ ನಡೆಸಿದ ಪರ್ಮಿಟ್ ರೂಮುಗಳಿಗೂ ಬಾರುಗಳಿಗೂ ಅಲ್ಲಿ ಎಡೆ ದೊರೆಯುವುದು ವಿರಳ. ಪ್ರಸ್ತುತ ಲೇಖನದಲ್ಲಿ ನಾವು ಮುಂಬಯಿಯ ಉತ್ತರದ ಅಂಚಿನಲ್ಲಿರುವ ದಹಿಸರನ್ನು ಆಧಾರವಾಗಿಟ್ಟುಕೊಂಡು, ಈ ಉದ್ಯಮದ ಹಗಲು ಮತ್ತು ರಾತ್ರಿಗಳನ್ನು ಒಟ್ಟಿಗೆ ಪರಿಶೀಲಿಸಲು ಯತ್ನಿಸಿದ್ದೇವೆ. ಜನರ ನಾಲಗೆಯ ರುಚಿ ಬದಲಾದುದರಿಂದ ಹೋಟೆಲುಗಳು ಬದಲಾದವು ಎಂಬ ವಿವರಣೆ ಸುಲಭವಾದುದು, ಆದರೆ ಸಾಲದು. ಕಾಯಿದೆ, ಪರವಾನಗಿ, ಸುಂಕ, ಗಡಿ ಇವುಗಳು ರುಚಿಗಿಂತ ಹೆಚ್ಚಾಗಿ ಈ ಪಲ್ಲಟಗಳನ್ನು ರೂಪಿಸಿವೆ ಎಂಬುದು ನಮ್ಮ ಅಭಿಪ್ರಾಯ.

೧. ಸ್ಥಳ ಮತ್ತು ಪದಗಳು

ದಹಿಸರ್ ಪಶ್ಚಿಮ ರೈಲ್ವೆಯ ಉಪನಗರ ಮಾರ್ಗದಲ್ಲಿ ಬೃಹನ್ಮುಂಬಯಿಯ ಕೊನೆಯ ನಿಲ್ದಾಣ. ೧೯೫೭ರಲ್ಲಿ ನಗರದ ಎಲ್ಲೆಯನ್ನು ಇಲ್ಲಿಯವರೆಗೆ ವಿಸ್ತರಿಸಲಾಯಿತು. ಅಲ್ಲಿಂದ ಮುಂದೆ ಠಾಣೆ ಜಿಲ್ಲೆಯ ಮೀರಾ ರೋಡ್, ಕಾಶಿಮೀರಾ, ಭಾಯಂದರ್ ಪ್ರದೇಶಗಳು. ಪೂರ್ವಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಅಲ್ಲಿ ಹುಟ್ಟುವ ದಹಿಸರ್ ನದಿ ಊರನ್ನು ಹಾಯ್ದು ಪಶ್ಚಿಮದ ಖಾರಿಯನ್ನು ಸೇರುತ್ತದೆ. ಪಶ್ಚಿಮ ದ್ರುತಗತಿ ಹೆದ್ದಾರಿಯು ನಗರವನ್ನು ಬಿಟ್ಟು ಗುಜರಾತಿನ ಕಡೆಗೆ ಹೊರಡುವುದು ಇಲ್ಲಿಯ ಚೆಕ್ ನಾಕಾವನ್ನು ದಾಟಿಯೇ. ಹೀಗೆ ದಹಿಸರ್ ಏಕಕಾಲಕ್ಕೆ ವಸತಿಯ ಊರೂ ಹೌದು, ಗಡಿಯ ಠಾಣೆಯೂ ಹೌದು.

ಹೊರರಾಜ್ಯಗಳ ಸಂಶೋಧಕರ ಗಮನಕ್ಕಾಗಿ ಕೆಲವು ಪದಗಳನ್ನು ವಿವರಿಸಬೇಕಾಗಿದೆ. ಕನ್ನಡದಲ್ಲಿ ‘ಹೋಟೆಲು’ ಎಂದರೆ ಮುಖ್ಯವಾಗಿ ತಿಂಡಿ ಊಟದ ಅಂಗಡಿ. ತಂಗುವ ಸ್ಥಳಕ್ಕೆ ‘ಲಾಡ್ಜ್’ ಎಂಬ ಮಾತು ಬೇರೆಯೇ ಇದೆ. ‘ಲಂಚ್ ಹೋಮ್’ ಎಂಬುದು ಮುಂಬಯಿಯ ಪ್ರಯೋಗ. ಕರಾವಳಿಯ ಮೀನಿನ ಗಸಿ, ಬಂಗುಡೆ, ಕಾಣೆ, ನೀರುದೋಸೆಗಳ ಊಟದ ಮನೆ. ‘ಪರ್ಮಿಟ್ ರೂಮು’ ಎಂಬ ಹೆಸರಿನ ಹಿಂದೆ ಒಂದು ಕಾಯಿದೆಯೇ ಅಡಗಿದೆ. ಅದನ್ನು ಮುಂದೆ ನೋಡೋಣ. ‘ಕಂಡಕ್ಟಿಂಗ್’ ಎಂಬುದು ಪರವಾನಗಿಯ ಒಡೆಯನು ತನ್ನ ಹೋಟೆಲನ್ನು ನಿಗದಿಯಾದ ಹಣಕ್ಕೆ ಮತ್ತೊಬ್ಬನಿಗೆ ನಡೆಸಲು ಕೊಡುವ ಕರಾರು. ಕೃಷಿಯಲ್ಲಿ ಗೇಣಿ ಇದ್ದಂತೆ ಇಲ್ಲಿ ಇದು ಇದೆ.

೨. ಹಗಲಿನ ಹೋಟೆಲು

ದಕ್ಷಿಣ ಕನ್ನಡ ಮತ್ತು ಉಡುಪಿ ಪ್ರದೇಶದಿಂದ ಮುಂಬಯಿಗೆ ಬಂದವರ ಹೋಟೆಲುಗಳು ಮೊದಲು ನೆಲೆಯೂರಿದ್ದು ಕೋಟೆ ಮತ್ತು ಮಾಟುಂಗ ಭಾಗಗಳಲ್ಲಿ. ಮಾಟುಂಗದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ೧೯೪೨ರಲ್ಲಿ ಆರಂಭವಾಯಿತು. ಮೊದಲ ಘಟ್ಟದಲ್ಲಿ ಅಡುಗೆಯ ಪರಂಪರೆಯಿದ್ದ ಬ್ರಾಹ್ಮಣರು ಮುಂದಿದ್ದರೆ, ಅನಂತರ ಬಂಟರು, ಬಿಲ್ಲವರು, ಮೊಗವೀರರು ಹೆಚ್ಚಿನ ಸಂಖ್ಯೆಯಲ್ಲಿ ಈ ವೃತ್ತಿಗೆ ಬಂದರು. ೧೯೭೪ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ ಗೇಣಿ ಪದ್ಧತಿ ಕೊನೆಗೊಂಡ ಬಳಿಕ, ಭೂಮಿಯನ್ನು ನೆಚ್ಚಿದ್ದ ಎಷ್ಟೋ ಮನೆತನಗಳ ಕಿರಿಯರು ಊರು ಬಿಟ್ಟುದೂ ಈ ವಲಸೆಗೆ ಬಲ ಕೊಟ್ಟಿತು. ನಗರದ ದಕ್ಷಿಣ ಭಾಗದಲ್ಲಿ ಬಾಡಿಗೆ ಮತ್ತು ಪಗಡಿ ಏರಿದಂತೆ ಹೊಸಬರು ರೈಲಿನ ಹಳಿಯನ್ನು ಹಿಡಿದು ಉತ್ತರಕ್ಕೆ ಸರಿದರು. ಅಂಧೇರಿ, ಮಲಾಡ್, ಬೊರಿವಲಿ, ಕೊನೆಗೆ ದಹಿಸರ್.

ಈ ವಲಸೆ ನಿರಾತಂಕವಾಗಿ ನಡೆಯಲಿಲ್ಲ. ೧೯೬೬ರಲ್ಲಿ ಸ್ಥಾಪಿತವಾದ ಶಿವಸೇನೆಯ ಆರಂಭದ ಚಳವಳಿಯು ದಕ್ಷಿಣ ಭಾರತೀಯರ ವಿರುದ್ಧವಾಗಿತ್ತು. ಉಡುಪಿ ಹೋಟೆಲುಗಳು ದಾಳಿಗೆ ಗುರಿಯಾದವು. ಹೋಟೆಲಿಗರು ಮರಾಠಿ ಕಲಿತರು, ಗಣೇಶೋತ್ಸವಕ್ಕೆ ವಂತಿಗೆ ಕೊಟ್ಟರು, ಇಡ್ಲಿಯ ಪಕ್ಕದಲ್ಲಿ ಮಿಸಳ್ ಮತ್ತು ಬಟಾಟಾ ವಡೆಯನ್ನೂ ಇಟ್ಟರು. ಮುಂದೆ ಪಾವ್ ಭಾಜಿ, ಪಂಜಾಬಿ ಪಲ್ಯಗಳು, ಚೈನೀಸ್ ಎಂದು ಕರೆಯಲಾಗುವ ನೂಡಲ್ಸ್ ಮತ್ತು ಮಂಚೂರಿ ಸೇರಿಕೊಂಡವು. ‘ಅಣ್ಣಾ’ ಎಂದು ಗಿರಾಕಿ ಕರೆದರೆ ಓಗೊಡುವ ಗಲ್ಲಾಪೆಟ್ಟಿಗೆಯ ಒಡೆಯನು ಯಾವ ಊಟವನ್ನೂ ಪರಕೀಯವೆಂದು ದೂರವಿಡಲಿಲ್ಲ. ಇದನ್ನು ರುಚಿಯ ಔದಾರ್ಯವೆಂದು ಮಾತ್ರ ಬಗೆಯದೆ, ನೆರೆಹೊರೆಯಲ್ಲಿ ಬಾಳುವ ಉಪಾಯವೆಂದೂ ತಿಳಿಯಬೇಕು.

ದಹಿಸರಿನಲ್ಲಿ ಇದಕ್ಕೆ ಮತ್ತೊಂದು ಕಾರಣ ಕೂಡಿತ್ತು. ನಗರವನ್ನು ಪ್ರವೇಶಿಸುವ ಸರಕಿನ ಮೇಲೆ ಮಹಾನಗರಪಾಲಿಕೆ ಜಕಾತಿಯನ್ನು ವಸೂಲು ಮಾಡುತ್ತಿದ್ದ ಕಾಲದಲ್ಲಿ ಚೆಕ್ ನಾಕಾದ ಬಳಿ ಲಾರಿಗಳ ಸಾಲು ನಿಲ್ಲುತ್ತಿತ್ತು. ಸಾಲಿನಲ್ಲಿ ನಿಂತ ಚಾಲಕನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಚಹಾ, ರೊಟ್ಟಿ, ದಾಲ್ ಬೇಕಾಗುತ್ತಿತ್ತು. ಸರಕು ಮತ್ತು ಸೇವಾ ತೆರಿಗೆ ಬಂದ ೨೦೧೭ರ ಜುಲೈ ೧ರಂದು ಜಕಾತಿ ರದ್ದಾಯಿತು. ೨೦೨೪ರ ಅಕ್ಟೋಬರ್ ೧೪ರ ಮಧ್ಯರಾತ್ರಿಯಿಂದ ಲಘು ವಾಹನಗಳಿಗೆ ದಹಿಸರ್ ಟೋಲ್ ನಾಕಾದ ಶುಲ್ಕವೂ ಇಲ್ಲವಾಯಿತು. ಸುಂಕಕ್ಕಾಗಿ ನಿಲ್ಲುವವರು ಕಡಿಮೆಯಾದರೆ, ನಿಂತವರನ್ನು ನೆಚ್ಚಿದ ಒಲೆಯೂ ತಣ್ಣಗಾಗುವುದು ಸಹಜ.

೩. ಎರಡು ಬಗೆಯ ರಾತ್ರಿ

ಮುಂಬಯಿ ಕನ್ನಡಿಗರ ಬರವಣಿಗೆಯಲ್ಲಿ ‘ರಾತ್ರಿ’ ಎಂದೊಡನೆ ನೆನಪಾಗುವುದು ರಾತ್ರಿ ಶಾಲೆ. ಹಗಲಿಡೀ ಮೇಜು ಒರೆಸಿದ ಹುಡುಗರು ಸಂಜೆ ಸಂಘಸಂಸ್ಥೆಗಳ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ಮುಂದೆ ಗುಮಾಸ್ತರೂ ವಕೀಲರೂ ಹೋಟೆಲು ಮಾಲೀಕರೂ ಆದುದು ಸಮುದಾಯದ ಹೆಮ್ಮೆಯ ಕಥನ. ಇನ್ನೊಂದು, ಮಳೆಗಾಲದಲ್ಲಿ ಊರಿನ ಮೇಳಗಳು ಬಂದು ಆಡುವ ಯಕ್ಷಗಾನದ ರಾತ್ರಿ, ಶನಿಗ್ರಂಥ ಪಾರಾಯಣದ ರಾತ್ರಿ. ಇವೆಲ್ಲ ಸ್ಮರಣ ಸಂಚಿಕೆಗಳಲ್ಲಿ ದಾಖಲಾಗಿವೆ. ಪರ್ಮಿಟ್ ರೂಮಿನ ರಾತ್ರಿ ಮಾತ್ರ ಅಲ್ಲಿ ಮುಖ ತೋರುವುದಿಲ್ಲ.

೧೯೪೯ರ ಮುಂಬಯಿ ಪಾನನಿರೋಧ ಕಾಯಿದೆಯು ಆಗ ಮುಂಬಯಿ ರಾಜ್ಯದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೂ ಅನ್ವಯಿಸಿತ್ತು ಎಂಬುದನ್ನು ಕನ್ನಡ ಅಧ್ಯಯನಕಾರರು ಗಮನಿಸಬೇಕು. ೧೯೬೦ರ ದಶಕದಲ್ಲಿ ನಿಷೇಧ ಸಡಿಲವಾಯಿತು. ಆದರೆ ಕಾಯಿದೆ ಹೋಗಲಿಲ್ಲ. ಕುಡಿಯುವವನು ಪರವಾನಗಿ ಪಡೆಯಬೇಕು, ಅಂಥವನಿಗೆ ಕುಡಿಯಲು ನಿಗದಿಯಾದ ಕೋಣೆಯೊಂದು ಇರಬೇಕು. ಆ ಕೋಣೆಯೇ ಪರ್ಮಿಟ್ ರೂಮು. ಇಂದಿಗೂ ಅದಕ್ಕೆ ಎಫ್.ಎಲ್. ಮೂರು ಎಂಬ ಪ್ರತ್ಯೇಕ ಪರವಾನಗಿ ಬೇಕು. ಕೋಣೆ ಎಂಬ ಮಾತು ಅಕ್ಷರಶಃ ನಿಜವಾಗಿತ್ತು. ಮುಂದೆ ಊಟದ ಮನೆ, ಹಿಂದೆ ಅಥವಾ ಮಹಡಿಯಲ್ಲಿ ಮಂದ ಬೆಳಕಿನ ಪಾನದ ಕೋಣೆ, ಎರಡಕ್ಕೂ ಒಂದೇ ಅಡುಗೆಮನೆ. ಒಂದು ತಟ್ಟೆ ಇಡ್ಲಿಯಲ್ಲಿ ಉಳಿಯುವ ಲಾಭ ಅಲ್ಪ. ಬಾಡಿಗೆ ಏರಿದಾಗ ಹೋಟೆಲನ್ನು ಉಳಿಸಿದ್ದು ಎಷ್ಟೋ ಕಡೆ ಹಿಂದಿನ ಕೋಣೆಯೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಬಹುದು. ಬೆಳಗಿನ ತಿಂಡಿಯ ಹೋಟೆಲಿನಲ್ಲಿ ದುಡಿಯುವ ಹುಡುಗನಿಗೆ ಸಂಜೆಯ ಹೊತ್ತು ತನ್ನದಾಗಿ ಸಿಗುವ ಸಂಭವವಿತ್ತು. ಪರ್ಮಿಟ್ ರೂಮಿನ ವ್ಯಾಪಾರ ಕುದುರುವುದೇ ಆ ಹೊತ್ತಿನಲ್ಲಿ. ಆದುದರಿಂದ ರಾತ್ರಿ ಶಾಲೆಯ ಗಂಟೆಯೂ ಬಾರಿನ ದೀಪವೂ ಒಂದೇ ವೇಳೆಗಾಗಿ ಸ್ಪರ್ಧಿಸಿದವು. ಕನ್ನಡ ರಾತ್ರಿ ಶಾಲೆಗಳು ಕ್ಷೀಣಿಸಲು ಇಂಗ್ಲಿಷ್ ಮಾಧ್ಯಮದ ಒಲವು, ಊರಿನಲ್ಲಿಯೇ ಶಿಕ್ಷಣ ದೊರೆತದ್ದು ಮೊದಲಾದ ಕಾರಣಗಳನ್ನು ಹೇಳಲಾಗುತ್ತದೆ. ಹೋಟೆಲಿನ ವೇಳಾಪಟ್ಟಿಯ ಪಲ್ಲಟವನ್ನೂ ಅವುಗಳ ಜೊತೆಗೆ ಪರಿಗಣಿಸಬೇಕೆಂದು ನಾವು ಸೂಚಿಸುತ್ತೇವೆ.

೪. ನಿಷೇಧ, ನ್ಯಾಯಾಲಯ, ಗಡಿ

೧೯೮೦ರ ದಶಕದಿಂದ ಮುಂಬಯಿಯಲ್ಲಿಯೂ ಅದರ ಹೊರವಲಯದಲ್ಲಿಯೂ ಹಾಡು ಕುಣಿತಗಳ ಡ್ಯಾನ್ಸ್ ಬಾರುಗಳು ಬೆಳೆದವು. ಮಹಾರಾಷ್ಟ್ರ ಸರ್ಕಾರವು ಪೊಲೀಸ್ ಕಾಯಿದೆಗೆ ೩೩ಎ ಮತ್ತು ೩೩ಬಿ ಕಲಮುಗಳನ್ನು ಸೇರಿಸಿ ೨೦೦೫ರ ಆಗಸ್ಟ್‌ನಲ್ಲಿ ಇವುಗಳನ್ನು ನಿಷೇಧಿಸಿತು. ಮೂರು ನಕ್ಷತ್ರ ಮತ್ತು ಮೇಲ್ದರ್ಜೆಯ ಹೋಟೆಲುಗಳಿಗೂ ಜಿಮಖಾನಾ ಕ್ಲಬ್ಬುಗಳಿಗೂ ವಿನಾಯಿತಿ ಇತ್ತು. ‘ಆಹಾರ್’ ಎಂದು ಪರಿಚಿತವಾದ ಭಾರತೀಯ ಹೋಟೆಲ್ ಮತ್ತು ರೆಸ್ಟೋರೆಂಟ್ ಸಂಘ ಮತ್ತಿತರರು ಇದನ್ನು ಪ್ರಶ್ನಿಸಿದರು. ೨೦೦೬ರ ಏಪ್ರಿಲ್‌ನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ನಿಷೇಧವನ್ನು ರದ್ದುಪಡಿಸಿತು; ೨೦೧೩ರ ಜುಲೈ ೧೬ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸಿರಿವಂತರ ಹೋಟೆಲಿನಲ್ಲಿ ಸಲ್ಲುವ ಕುಣಿತವು ಬಡವರ ಬಾರಿನಲ್ಲಿ ಮಾತ್ರ ಅನೈತಿಕವಾಗುವುದು ಹೇಗೆ ಎಂಬುದು ವಿವಾದದ ತಿರುಳಾಗಿತ್ತು. ೨೦೧೪ರಲ್ಲಿ ವಿನಾಯಿತಿಯಿಲ್ಲದ ಹೊಸ ತಿದ್ದುಪಡಿ, ೨೦೧೫ರಲ್ಲಿ ಅದಕ್ಕೆ ತಡೆ, ೨೦೧೬ರಲ್ಲಿ ಪ್ರತ್ಯೇಕ ಕಾಯಿದೆ, ೨೦೧೯ರ ಜನವರಿ ೧೭ರಂದು ಅದರ ಹಲವು ಷರತ್ತುಗಳ ರದ್ದತಿ, ಹೀಗೆ ವ್ಯಾಜ್ಯ ಬೆಳೆಯಿತು. ಕುಣಿತದ ವೇಳೆ ಸಂಜೆ ೬ರಿಂದ ರಾತ್ರಿ ೧೧.೩೦ ಎಂಬ ನಿಯಮ ಮತ್ತು ನೋಟು ಎಸೆಯಬಾರದೆಂಬ ನಿಯಮ ಉಳಿದವು.

ನಿಷೇಧದಿಂದ ಸುಮಾರು ೭೫,೦೦೦ ಮಹಿಳೆಯರು ಕೆಲಸ ಕಳೆದುಕೊಂಡರೆಂಬ ವಾದ ನ್ಯಾಯಾಲಯದ ಮುಂದೆ ಬಂದಿತ್ತು. ಮಾಲೀಕರ ನಷ್ಟವನ್ನು ಹೇಳುವವರು ಈ ಮಹಿಳೆಯರನ್ನು ಮರೆಯುವುದೂ, ಮಹಿಳೆಯರ ಗೌರವವನ್ನು ಹೇಳುವವರು ಅವರ ಅನ್ನವನ್ನು ಮರೆಯುವುದೂ ಈ ಚರ್ಚೆಯ ಉದ್ದಕ್ಕೂ ಕಾಣುವ ದೋಷ. ಕುಣಿತ ನಿಂತ ಕಡೆ ಹಾಡುಗಾರರ ‘ಆರ್ಕೆಸ್ಟ್ರಾ ಬಾರು’ ತಲೆಯೆತ್ತಿತು. ಹೆಸರು ಬದಲಾಗಿ ಪರವಾನಗಿ ಬದಲಾಯಿತು.

ಕಾಯಿದೆ ರಾಜ್ಯಕ್ಕೆಲ್ಲ ಒಂದೇ ಆದರೂ ಅದನ್ನು ಜಾರಿಗೆ ತರುವ ಕೈಗಳು ದಹಿಸರಿನಲ್ಲಿ ಬೇರೆಯಾಗುತ್ತವೆ. ಈಚೆಗೆ ಮುಂಬಯಿ ಪೊಲೀಸ್ ಆಯುಕ್ತರ ಅಧಿಕಾರ. ಆಚೆಗೆ ಠಾಣೆ ಗ್ರಾಮೀಣ ಪೊಲೀಸರದು, ೨೦೨೦ರ ಅಕ್ಟೋಬರ್‌ನಿಂದ ಮೀರಾ ಭಾಯಂದರ್ ವಸಯಿ ವಿರಾರ್ ಆಯುಕ್ತಾಲಯದ್ದು. ನಾಕಾ ದಾಟಿದೊಡನೆ ಕಾಶಿಮೀರಾದ ಹೆದ್ದಾರಿಯ ಬದಿಯಲ್ಲಿ ಬಾರುಗಳೂ ಲಾಡ್ಜುಗಳೂ ದಟ್ಟವಾಗಿ ಬೆಳೆದುದಕ್ಕೆ ಈ ಭೇದವೂ ಒಂದು ಹಿನ್ನೆಲೆ. ಹೆದ್ದಾರಿಯ ೫೦೦ ಮೀಟರಿನೊಳಗೆ ಮದ್ಯ ಮಾರಬಾರದೆಂಬ ಸರ್ವೋಚ್ಚ ನ್ಯಾಯಾಲಯದ ೨೦೧೬ರ ಡಿಸೆಂಬರ್ ಆದೇಶ ೨೦೧೭ರ ಏಪ್ರಿಲ್ ೧ರಿಂದ ಜಾರಿಯಾದಾಗ, ವ್ಯಾಪಾರದ ಅಳಿವು ಉಳಿವುಗಳು ಅಳತೆಯ ಟೇಪಿಗೆ ಬಂದು ನಿಂತವು. ನಗರಪಾಲಿಕೆಗಳ ಎಲ್ಲೆಯೊಳಗೆ ಈ ನಿರ್ಬಂಧವಿಲ್ಲವೆಂಬ ಸ್ಪಷ್ಟನೆ ಬಂದದ್ದು ಆ ವರ್ಷದ ಜುಲೈಯಲ್ಲಿ.

೫. ಇತ್ತೀಚಿನ ರೂಪ

೨೦೨೦ರ ಜನವರಿ ೨೭ರಿಂದ ಮಾಲು ಮತ್ತು ಗಿರಣಿ ಆವರಣಗಳ ಅಂಗಡಿ ಹೋಟೆಲುಗಳು ರಾತ್ರಿಯಿಡೀ ತೆರೆದಿರಬಹುದೆಂಬ ನೀತಿ ಬಂದಿತು. ಬಾರುಗಳ ವೇಳೆ ಬದಲಾಗಲಿಲ್ಲ. ಎರಡು ತಿಂಗಳಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಎಲ್ಲವೂ ಮುಚ್ಚಿತು. ಆ ವರ್ಷದ ಅಕ್ಟೋಬರ್ ೫ರಂದು ಅರ್ಧ ಆಸನಗಳೊಡನೆ ಹೋಟೆಲುಗಳು ಮತ್ತೆ ತೆರೆದಾಗ, ಊರಿಗೆ ಹೋದ ಕೆಲಸಗಾರರೆಲ್ಲ ಮರಳಲಿಲ್ಲ, ಮನೆಗೆ ಊಟ ತರಿಸುವ ಅಭ್ಯಾಸ ಮಾತ್ರ ಉಳಿಯಿತು. ೨೦೨೨ರ ಏಪ್ರಿಲ್‌ನಲ್ಲಿ ದಹಿಸರ್ ಪೂರ್ವಕ್ಕೆ ಮೆಟ್ರೊ ಬಂದಿತು; ೨೦೨೩ರ ಜನವರಿಯಲ್ಲಿ ಅದು ಅಂಧೇರಿಯವರೆಗೆ ಪೂರ್ಣಗೊಂಡಿತು. ಸಂಜೆಯನ್ನು ಬೇರೆಡೆ ಕಳೆದು ಬರುವುದು ಇಲ್ಲಿಯ ತರುಣರಿಗೆ ಸುಲಭವಾಗಿದೆ.

ಒಂದೇ ಮೇಜಿನ ಬಿಲ್ಲಿನಲ್ಲಿ ಊಟಕ್ಕೆ ಒಂದು ತೆರಿಗೆ, ಮದ್ಯಕ್ಕೆ ಇನ್ನೊಂದು. ಬಾರಿನ ಮದ್ಯದ ಮೇಲಿನ ಮೌಲ್ಯವರ್ಧಿತ ತೆರಿಗೆ ೨೦೨೩ರ ನವೆಂಬರ್‌ನಲ್ಲಿ ಶೇ. ೫ರಿಂದ ಶೇ. ೧೦ಕ್ಕೆ ಏರಿತು, ೨೦೨೫ರಲ್ಲಿ ಅಬಕಾರಿ ಸುಂಕವೂ ಪರವಾನಗಿ ಶುಲ್ಕವೂ ಹೆಚ್ಚಿದುದನ್ನು ವಿರೋಧಿಸಿ ಆ ಜುಲೈ ೧೪ರಂದು ಆಹಾರ್ ಕರೆಯಂತೆ ರಾಜ್ಯದ ಬಾರುಗಳು ಮುಚ್ಚಿದ್ದವು. ಇತ್ತ ಮಾಲೀಕರ ಮಕ್ಕಳು ಬೇರೆ ಉದ್ಯೋಗಗಳಿಗೆ ಹೋದಂತೆ ಹೋಟೆಲುಗಳು ಕಂಡಕ್ಟಿಂಗ್ ಕರಾರಿಗೆ ಹೋಗುತ್ತಿವೆ. ಅಡುಗೆಮನೆಯಲ್ಲಿ ತುಳು ಕನ್ನಡಗಳ ಬದಲು ಉತ್ತರ ಪ್ರದೇಶ, ಬಿಹಾರ, ಒಡಿಶಾ, ನೇಪಾಳಗಳಿಂದ ಬಂದವರ ಮಾತು ಕೇಳಿಸುತ್ತದೆ. ನೀರುದೋಸೆ ಉಳಿದಿದೆ, ಅದನ್ನು ಹುಯ್ಯುವ ಕೈ ಬೇರೆಯಾಗಿದೆ.

೬. ಅಧ್ಯಯನದ ದೃಷ್ಟಿಯಿಂದ

ಕನ್ನಡ ಸಾಹಿತ್ಯ ಪರಂಪರೆಗೆ ಈ ವಸ್ತು ಹೊಸತಲ್ಲ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿಯೂ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿಯೂ ಅಡುಗೆ ಶಾಸ್ತ್ರದ ವಿಷಯವಾಗಿದೆ. ಚಂಪೂ ಕವಿಗಳ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಸೇರಿತ್ತು. ‘ವಿಕ್ರಮಾರ್ಜುನವಿಜಯ’ದಲ್ಲಿ ಪಂಪನು ರಾತ್ರಿಯ ಸೂಳೆಗೇರಿಯನ್ನೂ ಕುಡುಕರ ಕೂಟವನ್ನೂ ಸಂಕೋಚವಿಲ್ಲದೆ ಚಿತ್ರಿಸಿದ್ದಾನೆ. ಹನ್ನೆರಡನೆಯ ಶತಮಾನದ ಶರಣರ ಗಣದಲ್ಲಿ ಹೆಂಡದ ಮಾರಯ್ಯನೂ ಇದ್ದಾನೆ, ಸುಂಕದ ಬಂಕಣ್ಣನೂ ಇದ್ದಾನೆ. ಅವರ ಕಾಯಕವು ಅವರ ಹೆಸರಿನೊಡನೆಯೇ ಉಳಿದುಬಂದಿದೆ. ಹಳೆಯ ಸಾಹಿತ್ಯಕ್ಕೆ ಇಲ್ಲದ ಮುಜುಗರವು ಆಧುನಿಕ ಸಮುದಾಯ ಚರಿತ್ರೆಗೆ ಬಂದುದಕ್ಕೆ ಕಾರಣಗಳಿವೆ. ವಲಸಿಗ ಸಮುದಾಯವು ನೆರೆಯವರ ಮುಂದೆ ಸಭ್ಯತೆಯನ್ನು ಸದಾ ಸಾಬೀತುಪಡಿಸಬೇಕಾಗುತ್ತದೆ. ಆದರೆ ಅದೇ ಪರ್ಮಿಟ್ ರೂಮಿನ ಸಂಪಾದನೆಯಿಂದ ಊರಿನಲ್ಲಿ ದೇವಸ್ಥಾನಗಳು ಜೀರ್ಣೋದ್ಧಾರಗೊಂಡಿವೆ, ಮಕ್ಕಳು ಓದಿದ್ದಾರೆ, ಯಕ್ಷಗಾನದ ಆಟಗಳು ನಡೆದಿವೆ. ಹಣ ಬಂದ ದಾರಿಯನ್ನು ಬಿಟ್ಟು ಹಣ ಹೋದ ದಾರಿಯನ್ನಷ್ಟೇ ಬರೆದರೆ ಚರಿತ್ರೆ ಅರ್ಧವಾಗುತ್ತದೆ.

ಹೊರಗಿನ ಸಂಶೋಧಕರಿಗೆ ಇಲ್ಲಿ ನಾಲ್ಕು ಬಗೆಯ ಆಕರಗಳು ಲಭ್ಯ. ಮೊದಲನೆಯದು, ೨೦೦೫ರಿಂದ ೨೦೧೯ರವರೆಗಿನ ನ್ಯಾಯಾಲಯದ ತೀರ್ಪುಗಳು. ಎರಡನೆಯದು, ಸಂಘಗಳ ಸ್ಮರಣ ಸಂಚಿಕೆಗಳು. ಇವುಗಳ ಲೇಖನಗಳಲ್ಲಿ ಮೌನವಿದ್ದರೂ ಜಾಹೀರಾತಿನ ಪುಟಗಳಲ್ಲಿ ಬಾರುಗಳ ಹೆಸರು ವಿಳಾಸಗಳು ಸಿಗುತ್ತವೆ. ಮೂರನೆಯದು, ನಾಮಫಲಕಗಳು. ದೇವನಾಗರಿ ಮರಾಠಿ ಫಲಕ ಕಡ್ಡಾಯವೆಂಬ ೨೦೨೨ರ ತಿದ್ದುಪಡಿ ಮತ್ತು ಸರ್ವೋಚ್ಚ ನ್ಯಾಯಾಲಯ ಕೊಟ್ಟ ೨೦೨೩ರ ನವೆಂಬರಿನ ಗಡುವಿನ ಬಳಿಕ ಹಳೆಯ ಫಲಕಗಳು ಬೇಗ ಮರೆಯಾಗುತ್ತಿವೆ. ನಾಲ್ಕನೆಯದು ಮತ್ತು ಅತ್ಯಂತ ನಶ್ವರವಾದುದು, ಗಲ್ಲೆಯ ಹಿಂದಿನ ಲೆಕ್ಕದ ಪುಸ್ತಕಗಳು, ದರಪಟ್ಟಿಗಳು, ಮತ್ತು ಮಾಣಿಯಾಗಿ ಬಂದು ಮುದುಕರಾದವರ ನೆನಪುಗಳು. ಹೋಟೆಲು ಕೈಬದಲಾದ ದಿನ ಮೊದಲು ರದ್ದಿಗೆ ಹೋಗುವುದು ಈ ಕಾಗದಗಳೇ. ಹಗಲಿನ ಹೋಟೆಲಿನ ಸಾಕ್ಷ್ಯವನ್ನು ಸಮುದಾಯವು ಹೇಗೂ ಕಾಪಾಡಿಕೊಳ್ಳುತ್ತದೆ. ರಾತ್ರಿಯ ಹೋಟೆಲಿನ ಸಾಕ್ಷ್ಯವನ್ನು, ಅಲ್ಲಿ ದುಡಿದ ಹೆಂಗಸರ ಮಾತನ್ನೂ ಸೇರಿಸಿ, ಸಂಗ್ರಹಿಸುವ ಹೊಣೆ ಸಂಶೋಧಕರ ಮೇಲೆ ಬಿದ್ದಿದೆ. ಆ ಪೀಳಿಗೆ ನಮ್ಮೊಡನೆ ಇರುವಾಗಲೇ ಈ ಕೆಲಸ ನಡೆಯಬೇಕು.