ಕೆಂಪಾಗಿ ಸತ್ತ ಗೊಣ್ಣೆಹುಳು

ಮುಧೋಳದ ಹತ್ತಿರ ಕಬ್ಬು, ಬೀಳಗಿ ಕಡೆ ದಾಳಿಂಬೆ, ಎರಡನ್ನೂ ಬೆಳೆಯುವ ರೈತರೊಬ್ಬರು ಕೇಳಿದ ಪ್ರಶ್ನೆ ಇದು: "ಅಲ್ರೀ, ದಾಳಿಂಬಿ ಬೇರಿಗೆ ನೆಮಟೋಡ್ ಹತ್ತೇತಿ, ಅದನ್ನ ಕೊಲ್ರಿ ಅಂತೀರಿ. ಕಬ್ಬಿಗೆ ಗೊಣ್ಣೆಹುಳ ಬಿದ್ದಾವಂದ್ರ ನೆಮಟೋಡ್ ಪುಡಿ ರೊಕ್ಕಾ ಕೊಟ್ಟು ತಂದು ಹಾಕ್ರಿ ಅಂತೀರಿ. ಒಂದ ಹುಳ ಆ ಹೊಲದಾಗ ವೈರಿ, ಈ ಹೊಲದಾಗ ಗೆಳೆಯ ಹೆಂಗ ಆಕ್ಕೈತಿ?"

ಎಷ್ಟು ಒಳ್ಳೆಯ ಪ್ರಶ್ನೆ! ಇದಕ್ಕೆ ಉತ್ತರ ಹುಳುವಿನ ಬಾಯಲ್ಲೇ ಇದೆ.

ನೆಮಟೋಡ್ ಎಂದರೆ ಒಂದು ಹುಳುವಲ್ಲ, ಒಂದು ಮಹಾವಂಶ. ಕಾಲಿಲ್ಲದ, ಉರುಟು ಮೈಯ, ಬಹುಮಟ್ಟಿಗೆ ಬರಿಗಣ್ಣಿಗೆ ಬೀಳದ ಜೀವಿಗಳಿವು. ಮಕ್ಕಳ ಹೊಟ್ಟೆಯ ಜಂತು ಈ ವಂಶದ್ದೇ, ಕುರಿಯ ಹೊಟ್ಟೆ ಸೇರಿ ರಕ್ತ ಹೀರುವ ಹುಳುವೂ ಇದರದ್ದೇ. ಹಳೆಯ ವಿಜಾಪುರ ಜಿಲ್ಲೆಯ ಹಿರಿಯರನ್ನು ಕೇಳಿ ನೋಡಿ, ನಾರುಹುಣ್ಣಿನ ಹೆಸರು ಹೇಳುತ್ತಾರೆ. ಬಾವಿಯ ನೀರಿನೊಂದಿಗೆ ಮೈ ಸೇರಿ, ಸುಮಾರು ವರ್ಷದ ಮೇಲೆ ಕಾಲಿನ ಚರ್ಮ ಸೀಳಿಕೊಂಡು ಮೊಳಗಟ್ಟಲೆ ಹೊರಬರುತ್ತಿದ್ದ ಆ ಹುಳುವೂ ನೆಮಟೋಡೇ. ಕುಡಿಯುವ ನೀರನ್ನು ಸೋಸಿ, ಮೆಟ್ಟಿಲುಬಾವಿಗಳನ್ನು ಬಿಟ್ಟುಕೊಟ್ಟು ನಾವು ಅದನ್ನು ಗೆದ್ದೆವು. 2000ದಲ್ಲಿ ಭಾರತ ಅದರಿಂದ ಮುಕ್ತ ಎಂಬ ಪ್ರಮಾಣಪತ್ರವೂ ಸಿಕ್ಕಿತು. ಇಂಥ ನಾಲ್ಕಾರು ಪಾಪಿಗಳಿಂದಾಗಿ ಇಡೀ ವಂಶಕ್ಕೇ ಕೆಟ್ಟ ಹೆಸರು ಅಂಟಿದೆ. ಅದು ಅನ್ಯಾಯ. 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಲೆಕ್ಕದಂತೆ, ಭೂಮಿಯ ಮೇಲ್ಮಣ್ಣಿನಲ್ಲಿರುವ ನೆಮಟೋಡ್‌ಗಳ ಸಂಖ್ಯೆ 44ರ ಮುಂದೆ 19 ಸೊನ್ನೆ. ನೆಲದ ಮೇಲಿನ ಪ್ರತಿ ಐದು ಪ್ರಾಣಿಗಳಲ್ಲಿ ನಾಲ್ಕು ಇವೇ. ಇವೆಲ್ಲ ಬೆಳೆಯ ವೈರಿಗಳಾಗಿದ್ದರೆ ಕೃಷ್ಣೆ-ಘಟಪ್ರಭೆಯ ದಂಡೆಯಲ್ಲಿ ಒಂದು ಹುಲ್ಲುಕಡ್ಡಿಯೂ ಉಳಿಯುತ್ತಿರಲಿಲ್ಲ. ಬಹಳಷ್ಟು ನೆಮಟೋಡ್‌ಗಳು ಮಣ್ಣಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ಮೇಯ್ದು, ಹೆಚ್ಚಾದ ಸಾರಜನಕವನ್ನು ಬೇರಿಗೆ ಸಿಗುವ ರೂಪದಲ್ಲಿ ಹೊರಹಾಕುತ್ತವೆ. ಗೊಬ್ಬರದ ಚೀಟಿಯಲ್ಲಿ ಬರೆಯದ ಗೊಬ್ಬರ ಅದು.

ಇನ್ನು ಬಾಯಿಯ ಮಾತು. ದಾಳಿಂಬೆಯ ಬೇರಿಗೆ ಬೀಳುವ ಗಂಟುಬೇರಿನ ನೆಮಟೋಡ್‌ನ ಬಾಯಲ್ಲಿ ಟೊಳ್ಳು ಸೂಜಿಯೊಂದಿದೆ. ಮರಿ ಬೇರಿನೊಳಗೆ ನುಗ್ಗಿ, ಆ ಸೂಜಿಯಿಂದ ಕೆಲವು ಕೋಶಗಳಿಗೆ ತನ್ನ ಜೊಲ್ಲು ಚುಚ್ಚುತ್ತದೆ. ಆ ಕೋಶಗಳು ಒಡೆಯದೆ, ಅವುಗಳ ಕೋಶಕೇಂದ್ರ ಮಾತ್ರ ಮತ್ತೆ ಮತ್ತೆ ಇಬ್ಭಾಗವಾಗಿ, ದೈತ್ಯವಾಗಿ ಊದಿಕೊಳ್ಳುತ್ತವೆ. ಅಲ್ಲಿಂದಾಚೆ ಗಿಡ ತನ್ನ ಆಹಾರವನ್ನು ಆ ಹುಳುವಿಗೇ ಬಡಿಸುತ್ತದೆ. ಹೆಣ್ಣು ಕೂತಲ್ಲೇ ದಪ್ಪಗಾಗಿ ನೂರಾರು ಮೊಟ್ಟೆ ಇಡುತ್ತದೆ, ಅದೂ ಗಂಡಿನ ನೆರವಿಲ್ಲದೆ. ಬೇರಿನಲ್ಲಿ ಜನಸಂದಣಿಯಾಗಿ ಊಟ ಸಾಲದಾದರೆ ಮಾತ್ರ ಹಲವು ಮರಿಗಳು ಗಂಡಾಗಿ ಬೆಳೆದು ಬೇರು ಬಿಟ್ಟು ಹೊರಡುತ್ತವೆ. ಮೇಲೆ ನೋಡುವ ರೈತನಿಗೆ ಕಾಣುವುದು ಮಧ್ಯಾಹ್ನ ಬಾಡುವ ಗಿಡ. ಅವನು ಡ್ರಿಪ್ ಇನ್ನಷ್ಟು ಹೊತ್ತು ಬಿಡುತ್ತಾನೆ. ಸದಾ ತೇವವಿರುವ ಆ ಜಾಗವೇ ಹುಳುವಿಗೆ ಹಬ್ಬ.

ಕಬ್ಬಿನ ಹೊಲದ ಕಥೆಯೇ ಬೇರೆ. ಮೇ-ಜೂನ್‌ನ ಮೊದಲ ಮಳೆ ಬಿದ್ದ ಸಂಜೆ ನೆಲದಿಂದೆದ್ದ ಕಂದು ದುಂಬಿಗಳು ಬೇವು, ಜಾಲಿ ಮರಗಳಿಗೆ ಮುತ್ತಿ, ಎಲೆ ತಿಂದು, ಜೋಡಿಯಾಗಿ, ಮಣ್ಣಿಗೆ ಮರಳಿ ಮೊಟ್ಟೆ ಇಡುತ್ತವೆ. ಅವುಗಳ ಮರಿಯೇ ಗೊಣ್ಣೆಹುಳು: ಬಿಳಿ ಮೈ, ಕಂದು ತಲೆ, ಕೊಕ್ಕೆಯಂತೆ ಬಾಗಿದ ದೇಹ. ಬೇರು ತಿಂದು ಮುಗಿಸಿದ ಮೇಲೆ ಕಬ್ಬಿನ ಬುಡ ಹಿಡಿದು ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ. ಅಲ್ಲಲ್ಲಿ ಮಡಿ ಒಣಗಿದ್ದನ್ನು ಕಂಡು ಯಾರದೋ ಕಣ್ಣು ತಾಗಿತೆಂದು ನಿಂಬೆಹಣ್ಣು, ಹರಕು ಚಪ್ಪಲಿ ಕಟ್ಟುವವರನ್ನು ನಾನು ಇಂದಿಗೂ ನೋಡುತ್ತಿದ್ದೇನೆ. ಸಲಿಕೆ ತೆಗೆದುಕೊಂಡು ಬುಡ ಅಗೆದಿದ್ದರೆ ಕಣ್ಣು ಹಾಕಿದವರು ಅಲ್ಲೇ ಕೈಗೆ ಸಿಗುತ್ತಿದ್ದರು.

ಈ ಗೊಣ್ಣೆಹುಳುವನ್ನು ಹುಡುಕಿ ಕೊಲ್ಲುವ ನೆಮಟೋಡ್‌ನ ಹೆಸರು ಹೆಟೆರೊರ್‍ಹಾಬ್ಡೈಟಿಸ್ ಇಂಡಿಕಾ. ನಮ್ಮದೇ ನೆಲದ ಜೀವಿ. ಕೊಯಮತ್ತೂರಿನ ಕಬ್ಬಿನ ತುದಿ ಕೊರಕ ಹುಳುವಿನಲ್ಲಿ ಸಿಕ್ಕಿದ ಇದನ್ನು 1992ರಲ್ಲಿ ಹೊಸ ಪ್ರಭೇದವೆಂದು ವಿಜ್ಞಾನಿಗಳು ದಾಖಲಿಸಿದರು. ಅರ್ಧ ಮಿಲಿಮೀಟರ್ ಉದ್ದದ ಇದರ ಮರಿಗೆ ಬೇರು ಚುಚ್ಚುವ ಸೂಜಿಯಿಲ್ಲ. ಬೇಟೆಗೆ ಹೊರಟ ಹಂತದಲ್ಲಿ ಅದು ಏನನ್ನೂ ತಿನ್ನುವುದಿಲ್ಲ, ಬಾಯಿ ಮುಚ್ಚಿರುತ್ತದೆ. ಆದರೆ ಕರುಳಿನಲ್ಲಿ ಫೋಟೊರ್‍ಹಾಬ್ಡಸ್ ಎಂಬ ಬ್ಯಾಕ್ಟೀರಿಯಾವನ್ನು ಬಚ್ಚಿಟ್ಟುಕೊಂಡಿರುತ್ತದೆ. ಗೊಣ್ಣೆಹುಳು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್‌ನ ಜಾಡು ಹಿಡಿದು ಹೋಗಿ, ಅದರ ಬಾಯಿಂದಲೋ, ಗುದದಿಂದಲೋ, ಉಸಿರಿನ ರಂಧ್ರದಿಂದಲೋ ಒಳಹೊಕ್ಕು, ರಕ್ತಕ್ಕೆ ಆ ಬ್ಯಾಕ್ಟೀರಿಯಾವನ್ನು ಕಾರಿಬಿಡುತ್ತದೆ. ಬ್ಯಾಕ್ಟೀರಿಯಾ ವಿಷ ಸುರಿಸುತ್ತದೆ, ಒಂದೆರಡು ದಿನಗಳಲ್ಲಿ ಗೊಣ್ಣೆಹುಳು ಸಾಯುತ್ತದೆ.

ನಿಜವಾದ ಸೋಜಿಗ ಆಮೇಲಿನದು. ಸತ್ತ ಹುಳು ಕೊಳೆಯುವುದೇ ಇಲ್ಲ! ಬೇರೆ ಸೂಕ್ಷ್ಮಜೀವಿ ಕೈ ಹಾಕದಂತೆ ಫೋಟೊರ್‍ಹಾಬ್ಡಸ್ ಪ್ರತಿಜೀವಕಗಳನ್ನು ತಯಾರಿಸಿ ಹೆಣವನ್ನು ಕಾಯುತ್ತದೆ. ಬಿಳಿಯ ಮೈ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಅಂಥದೊಂದನ್ನು ಕತ್ತಲೆ ಕೋಣೆಯಲ್ಲಿಟ್ಟು, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಕಾದು ನೋಡಿದ್ದೇನೆ. ಬೆಳಕು ತೀರಾ ಮಂದ, ಆದರೆ ಇದೆ. ಸತ್ತ ಹುಳು ಮಿನುಗುತ್ತದೆ! ಸಮುದ್ರದಲ್ಲಿ ಬೆಳಗುವ ಬ್ಯಾಕ್ಟೀರಿಯಾ ಹಲವಿವೆ, ನೆಲದ ಮೇಲೆ ಬೆಳಗುವವು ತೀರಾ ಅಪರೂಪ. ಒಳಗೆ ನೆಮಟೋಡ್ ಬೆಳೆದು, ತಾನೇ ಗಂಡೂ ತಾನೇ ಹೆಣ್ಣೂ ಆಗಿ ಮರಿ ಹಾಕುತ್ತದೆ. ಕೊನೆಕೊನೆಗೆ ಮೊಟ್ಟೆಗಳು ತಾಯಿಯ ಹೊಟ್ಟೆಯಲ್ಲೇ ಒಡೆದು, ಮರಿಗಳು ತಾಯಿಯನ್ನೇ ತಿಂದು ಬೆಳೆಯುತ್ತವೆ. ಎರಡು ವಾರಗಳ ಹೊತ್ತಿಗೆ ಆ ಒಂದು ಹೆಣದಿಂದ ಸಾವಿರ ಸಾವಿರ ಮರಿಗಳು, ಕರುಳಿನಲ್ಲಿ ಅದೇ ಬ್ಯಾಕ್ಟೀರಿಯಾ ತುಂಬಿಕೊಂಡು, ಮುಂದಿನ ಗೊಣ್ಣೆಹುಳುವಿನತ್ತ ಹೊರಡುತ್ತವೆ.

ಹಾಗಾಗಿ ಹೊಲ ಅಗೆದಾಗ ಸತ್ತ ಗೊಣ್ಣೆಹುಳು ಸಿಕ್ಕರೆ ಬಿಸಾಡಬೇಡಿ, ಬಣ್ಣ ನೋಡಿ. ಕಪ್ಪಾಗಿ ನಾರುತ್ತಿದ್ದರೆ ಸಾಮಾನ್ಯ ಕೊಳೆತ. ಮೈ ಗಟ್ಟಿಯಾಗಿ ಹಸಿರು ಹುಡಿ ಬಳಿದಂತಿದ್ದರೆ ಮೆಟಾರೈಜಿಯಂ ಎಂಬ ಶಿಲೀಂಧ್ರದ ಕೆಲಸ. ಕೆಂಪಾಗಿದ್ದು ವಾಸನೆಯಿಲ್ಲದಿದ್ದರೆ ನೆಮಟೋಡ್ ಗೆದ್ದಿದೆ. ಆ ಹೆಣವನ್ನು ಗೊಣ್ಣೆಹುಳು ಇರುವ ಇನ್ನೊಂದು ಬುಡದಲ್ಲಿ ಹೂತುಬಿಡಿ.

ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಈ ನೆಮಟೋಡನ್ನು ಪುಡಿಯ ರೂಪಕ್ಕೆ ತಂದಿದೆ. ಆದರೆ ಪುಡಿಯಲ್ಲಿರುವುದು ಜೀವ ಎಂಬುದನ್ನು ಮರೆತು ಉರಿಬಿಸಿಲಲ್ಲಿ ಒಣಮಣ್ಣಿಗೆ ಎರಚಿ "ಕೆಲಸ ಮಾಡಲಿಲ್ಲ" ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಬಿಸಿಲು ತಾಗಿದರೆ ಅದು ಬದುಕುವುದಿಲ್ಲ. ಸಂಜೆ ಹಾಕಬೇಕು, ನೆಲ ಹಸಿಯಿರಬೇಕು. ಇನ್ನು ಗೊಣ್ಣೆಹುಳುವಿಗೆಂದು ಹಿಂದೆ ಮಣ್ಣಿಗೆ ಹಾಕುತ್ತಿದ್ದ ವಿಷದ ಮಾತು. ಥಿಮೆಟ್ ಎಂದು ಎಲ್ಲರೂ ಕರೆಯುತ್ತಿದ್ದ ಫೋರೇಟ್ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. ಹಳೆಯ ಚೀಲ ಮೂಲೆಯಲ್ಲಿದ್ದರೆ ಅದನ್ನು ಹೊಲಕ್ಕೆ ಸುರಿಯಬೇಡಿ. ಅಂಥ ವಿಷಕ್ಕೆ ವೈರಿ ಯಾರು, ಗೆಳೆಯ ಯಾರು ಎಂಬ ಗುರುತಿಲ್ಲ.

ದಾಳಿಂಬೆ ಸಸಿ ಕೊಳ್ಳುವ ಮುನ್ನ ಒಂದೆರಡು ಚೀಲ ಬಿಡಿಸಿ ಬೇರು ತೊಳೆದು ನೋಡಿ, ಗಂಟು ಕಂಡರೆ ಆ ನರ್ಸರಿಯ ಸಸಿಯೇ ಬೇಡ. ಗಂಟುಬೇರು ನಮ್ಮ ತೋಟಗಳಿಗೆ ಬಹುಪಾಲು ಬರುವುದು ಹೀಗೆಯೇ. ಕಬ್ಬಿಗೆ ಪುಡಿ ತಂದರೆ ಚಿಟಿಕೆಯಷ್ಟನ್ನು ನೀರಿಗೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಎಳೆಗಳು ಅಲುಗಾಡುತ್ತಿದ್ದರೆ ಹೊಲಕ್ಕೆ ಒಯ್ಯಿರಿ, ಇಲ್ಲದಿದ್ದರೆ ಅಂಗಡಿಗೆ ಮರಳಿಸಿ.