ಬರೋಕ್ ವೈಭವದ ಲೆಕ್ಕ ಶೀರ್ಷಿಕೆ

ಯುರೋಪಿನ ವಾಸ್ತುಶಿಲ್ಪದ ಪ್ರಸ್ತಾಪ ಬಂದಾಗ ‘ಬರೋಕ್’ ಎಂಬ ಪದವನ್ನು ‘ಅತಿಯಾದ ಅಲಂಕಾರ’ ಎಂಬ ಅರ್ಥದಲ್ಲೇ ಬಳಸುವುದು ರೂಢಿ. ಪದದ ಹುಟ್ಟೂ ಇದಕ್ಕೆ ಪುಷ್ಟಿ ಕೊಡುವಂತಿದೆ. ಓರೆಕೋರೆಯಾದ ಮುತ್ತನ್ನು ಪೋರ್ಚುಗೀಸರು ‘ಬರೋಕೊ’ ಎನ್ನುತ್ತಿದ್ದರು, ಅದೇ ಇದರ ಮೂಲವೆಂಬುದು ಹಲವು ವಿದ್ವಾಂಸರ ಅಭಿಮತ. ಹದಿನೆಂಟನೆಯ ಶತಮಾನದ ವಿಮರ್ಶಕರಿಗಂತೂ ಅದು ಹೆಚ್ಚುಕಡಿಮೆ ಬೈಗುಳವೇ ಆಗಿತ್ತು. ಆದರೂ ಅಲಂಕಾರವೇ ಈ ಶೈಲಿಯ ಜೀವಾಳವೆಂಬ ಮಾತನ್ನು ನಾನು ಒಪ್ಪಲಾರೆ.

ರೋಮ್ ನಗರದ ಸಾನ್ ಕಾರ್ಲೊ ಅಲ್ಲೆ ಕ್ವಾತ್ರೊ ಫೊಂತಾನೆ ಎಂಬ ಪುಟ್ಟ ಚರ್ಚನ್ನೇ ನೋಡಿ. ಸ್ಪೇನಿನ ಬಡ ಸನ್ಯಾಸಿ ಪಂಥವೊಂದಕ್ಕಾಗಿ ಬೊರೊಮಿನಿ 1638ರಲ್ಲಿ ಇದರ ಕೆಲಸ ಆರಂಭಿಸಿದ. ಒಳಗೆ ಬಹುಮಟ್ಟಿಗೆ ಬಿಳಿಯ ಗಾರೆಯ ಕೆಲಸವಷ್ಟೇ. ಆದರೆ ಗೋಡೆಗಳು ನಿಂತಲ್ಲಿ ನಿಲ್ಲುವುದಿಲ್ಲ. ಅಲೆಯಂತೆ ಉಬ್ಬುತ್ತವೆ, ತಗ್ಗುತ್ತವೆ. ಅಂಡಾಕಾರದ ಗುಮ್ಮಟದ ಒಳಮೈಯಲ್ಲಿ ಕೊರೆದ ಶಿಲುಬೆ ಮತ್ತು ಷಟ್ಕೋನಗಳು ಮೇಲೇರಿದಂತೆ ಕಿರಿದಾಗುತ್ತ, ಗುಮ್ಮಟ ಇರುವುದಕ್ಕಿಂತ ಎತ್ತರವಾಗಿ ತೋರುತ್ತದೆ. ಅದರ ಬುಡದಲ್ಲಿ ಅರೆಮರೆಯಾದ ಕಿಟಕಿಗಳಿಂದ ಬೆಳಕು ಇಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಬರೋಕ್ ಎಂದರೆ ಈ ಚಲನೆ, ಈ ಬೆಳಕಿನ ನಾಟಕ.

ಇದಕ್ಕೆ ಹಿಂದಿನ ಗೋಥಿಕ್ ಶೈಲಿಯ ಬಗೆಯೇ ಬೇರೆ. ಮೊನಚು ಕಮಾನುಗಳು ಚಾವಣಿಯ ಭಾರವನ್ನು ಹೊರಗಿನ ಆನಿಕೆಗಳಿಗೆ ದಾಟಿಸಿದವು. ಭಾರ ಕಳೆದುಕೊಂಡ ಗೋಡೆಗಳು ಬಣ್ಣದ ಗಾಜಿಗೆ ಎಡೆ ಮಾಡಿಕೊಟ್ಟವು. ಫ್ರಾನ್ಸಿನ ಶಾರ್ತ್ರ್ ಚರ್ಚಿನಲ್ಲಿ ಆ ಆನಿಕೆಗಳನ್ನು ಯಾರೂ ಮುಚ್ಚಿಡಲಿಲ್ಲ, ಭಾರ ಹೊರುವ ಸಾಹಸವೇ ಅಲ್ಲಿ ಸೌಂದರ್ಯ. ನಂತರ ಬಂದ ನವೋದಯದ ಶಿಲ್ಪಿಗಳು ವೃತ್ತ, ಚೌಕ ಹಾಗೂ ಪ್ರಮಾಣಬದ್ಧತೆಗೆ ಮರಳಿದರು. ಫ್ಲಾರೆನ್ಸಿನಲ್ಲಿ ಬ್ರುನೆಲೆಸ್ಕಿ ಕಟ್ಟಿದ ಚರ್ಚಿನಲ್ಲಿ ಒಂದೆಡೆ ನಿಂತರೆ ಸಾಕು, ಅದರ ಗಣಿತವೆಲ್ಲ ಅರ್ಥವಾಗಿಬಿಡುತ್ತದೆ. ಅದು ಪ್ರೇಕ್ಷಕನಿಲ್ಲದೆಯೂ ಪೂರ್ಣ. ಬರೋಕ್ ಕಟ್ಟಡಕ್ಕೆ ಪ್ರೇಕ್ಷಕ ಬೇಕೇ ಬೇಕು, ಅವನು ನಡೆದಾಡಲೂ ಬೇಕು.

ಪ್ರೇಕ್ಷಕನ ಈ ಅಗತ್ಯಕ್ಕೆ ಚಾರಿತ್ರಿಕ ಕಾರಣವಿದೆ. 1506ರಲ್ಲಿ ಆರಂಭವಾದ ಸಂತ ಪೀಟರ್ ಚರ್ಚಿನ ಪುನರ್ನಿರ್ಮಾಣಕ್ಕೆ ಹಣ ಕೂಡಿಸಲು ಪಾಪ ಪರಿಹಾರ ಪತ್ರಗಳನ್ನು ಮಾರಲಾಯಿತು. 1517ರಲ್ಲಿ ಲೂಥರ್ ಸಿಡಿದೆದ್ದದ್ದು ಈ ಮಾರಾಟದ ವಿರುದ್ಧ. ಕೈತಪ್ಪಿದ ಭಕ್ತರನ್ನು ಮರಳಿ ಒಲಿಸಿಕೊಳ್ಳುವ ಹೊಣೆ ಮುಂದೆ ಕಲೆಯ ಮೇಲೂ ಬಿತ್ತು. ಅದೇ ಚರ್ಚಿನ ಮುಂದೆ ಬರ್ನಿನಿ 1656ರಿಂದ 1667ರವರೆಗೆ 284 ಕಂಬಗಳ ಸಾಲನ್ನು ನಿಲ್ಲಿಸಿ, ಅದನ್ನು ಮಾತೃಸ್ವರೂಪಿ ಚರ್ಚಿನ ಚಾಚಿದ ತೋಳುಗಳಿಗೆ ಹೋಲಿಸಿದ. ಕಟ್ಟಡ ಮನವೊಲಿಸುವ ಭಾಷಣವಾದದ್ದು ಹೀಗೆ.

ಅರ್ಥಶಾಸ್ತ್ರ ಓದಿ, ಬದುಕಿನ ಬಹುಭಾಗವನ್ನು ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಯಾವ ಭವ್ಯ ಕಟ್ಟಡ ಕಂಡರೂ ಮೊದಲು ಹೊಳೆಯುವುದು ವೆಚ್ಚ ಯಾವ ಲೆಕ್ಕ ಶೀರ್ಷಿಕೆಯದೆಂಬ ಪ್ರಶ್ನೆ. (ಇದೊಂದು ವೃತ್ತಿರೋಗವಿರಬಹುದು.) ರೋಮಿನ ನವೋನಾ ಚೌಕದಲ್ಲಿ, ಪೋಪ್ ಹತ್ತನೆಯ ಇನ್ನೊಸೆಂಟರ ಮನೆತನದ ಅರಮನೆಯೆದುರಿಗೇ, 1651ರಲ್ಲಿ ಪೂರ್ಣಗೊಂಡ ಬರ್ನಿನಿಯ ನಾಲ್ಕು ನದಿಗಳ ಕಾರಂಜಿಯಿದೆ. ಹುಟ್ಟು ಹಿಡಿದು ಕುಳಿತ ಗಂಗೆಯೂ ಅಲ್ಲಿದ್ದಾಳೆ. ಶಿಲ್ಪಿ ಅವಳನ್ನು ಗಡ್ಡದ ಪುರುಷನನ್ನಾಗಿಸಿದ್ದಾನೆ ಎಂಬುದು ಬೇರೆ ಮಾತು. ಕಾರಂಜಿ ಕಟ್ಟುವಾಗ ನಗರದಲ್ಲಿ ಧಾನ್ಯದ ಅಭಾವ. ಕಾರಂಜಿ ಬೇಡ, ರೊಟ್ಟಿ ಕೊಡಿ ಎಂಬ ಅನಾಮಧೇಯ ಕುಚೋದ್ಯದ ಬರಹಗಳು ಅಲ್ಲಿ ಕಾಣಿಸಿಕೊಂಡವು. ಕಾರಂಜಿಯ ಚೆಲುವನ್ನು ಮೆಚ್ಚುವಾಗಲೂ ಆ ಬೇಡಿಕೆಯನ್ನು ಅರಸಿಕತೆಯೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಪ್ರಾಟೆಸ್ಟಂಟ್ ಲಂಡನ್ನಿಗೆ ಬಂದಾಗ ಬರೋಕ್ ತುಸು ಗಂಭೀರವಾಯಿತು. 1666ರ ಬೆಂಕಿಯಲ್ಲಿ ಹಾಳಾದ ಸಂತ ಪಾಲ್ ಚರ್ಚನ್ನು ಕ್ರಿಸ್ಟೊಫರ್ ರೆನ್ 1675ರಿಂದ ಹೊಸದಾಗಿ ಕಟ್ಟಿದ. ಗೋಥಿಕ್ ಶೈಲಿಯ ಆನಿಕೆಗಳು ಅಲ್ಲೂ ಇವೆ, ಆದರೆ ಎತ್ತರಿಸಿದ ಹೊರಗೋಡೆಯ ಮರೆಯಲ್ಲಿ. ಒಳಗೆ ಕಾಣುವ ಗುಮ್ಮಟ ಬೇರೆ, ಹೊರಗೆ ಕಾಣುವುದು ಬೇರೆ. ನಡುವೆ ಇಟ್ಟಿಗೆಯ ಶಂಕುವೊಂದು ಕಣ್ಣಿಗೆ ಬೀಳದೆ ಭಾರ ಹೊರುತ್ತದೆ. ಗೋಥಿಕ್ ಮೆರೆಸಿದ್ದನ್ನು ಬರೋಕ್ ಬಚ್ಚಿಟ್ಟಿತು.

ಹಣ ಮಾತ್ರ ಬಚ್ಚಿಟ್ಟದ್ದಲ್ಲ. ಅದರ ಬಹುಪಾಲು ಬಂದದ್ದು ಲಂಡನ್ ಬಂದರಿಗೆ ಇಳಿಯುತ್ತಿದ್ದ ಕಲ್ಲಿದ್ದಲಿನ ಮೇಲೆ ಸಂಸತ್ತು ವಿಧಿಸಿದ ತೆರಿಗೆಯಿಂದ. ಚಳಿಗೆ ಒಲೆ ಹಚ್ಚಿದ ಬಡವನೂ ಗುಮ್ಮಟಕ್ಕೆ ಪಾಲು ಕೊಟ್ಟನೆಂಬುದು ನಿಜ. ಆದರೆ ತೆರಿಗೆ ವಿಧಿಸಿದವರಿಗೆ ಕೆಲಸವನ್ನು ಪ್ರಶ್ನಿಸುವ ಅಧಿಕಾರವೂ ಇತ್ತು. ಕಾಮಗಾರಿ ತಡವಾಗುತ್ತಿದೆಯೆಂದು 1697ರಲ್ಲಿ ಸಂಸತ್ತು ರೆನ್ನನ ವಾರ್ಷಿಕ 200 ಪೌಂಡ್ ವೇತನದ ಅರ್ಧವನ್ನು ಕೆಲಸ ಮುಗಿಯುವವರೆಗೆ ತಡೆಹಿಡಿಯಿತು. ಬಾಕಿ ಅವನ ಕೈಸೇರಿದ್ದು 1711ರಲ್ಲಿ, ಅದೂ ಅರ್ಜಿ ಹಾಕಿಕೊಂಡ ಮೇಲೆ.